‘ಹೊರಗ ನಿಂದ್ರಿ’ ಅನ್ನೋದು ಔಷಧಿ ಅಲ್ಲ

ನನ್ನ ತಂಗಿಗೆ ಎಂಟನೇ ತಿಂಗಳಲ್ಲೇ ಹೆರಿಗೆಯಾಯ್ತು. ಕೂಸಿನ ತೂಕ ಒಂದು ಕಿಲೋ ಆರುನೂರು ಗ್ರಾಂ. ಸುದ್ದಿ ಬಂದ ರಾತ್ರಿಯೇ ಬೆಂಗಳೂರಲ್ಲಿ ಹಂಪಿ ಎಕ್ಸ್‌ಪ್ರೆಸ್ ಹತ್ತಿ, ಬೆಳಗ್ಗೆ ಕೊಪ್ಪಳದಲ್ಲಿ ಇಳಿದು ಸೀದಾ ಆಸ್ಪತ್ರೆಗೆ ಹೋದೆ. ಯಾವ ಆಸ್ಪತ್ರೆ ಅಂತ ಕೇಳಬೇಡಿ. ಹೆಸರು ಹೇಳಿದರೆ ಅದೊಂದೇ ಆಸ್ಪತ್ರೆಯ ತಪ್ಪು ಅಂದ್ಕೊಂಡು ನೀವು ಸುಮ್ಮನಾಗ್ತೀರಿ.

ಕೂಸು ಗಾಜಿನ ಪೆಟ್ಟಿಗೆಯಲ್ಲಿತ್ತು. ತಂಗಿ ಬೇರೆ ವಾರ್ಡಿನಲ್ಲಿದ್ದಳು. ಅವ್ವ ಕೌದಿ ಹಾಸಿಕೊಂಡು ವರಾಂಡದಲ್ಲಿ ಕೂತಿದ್ದಳು. ಬಾಗಿಲು ತೆರೆದಾಗಲೆಲ್ಲ ಎದ್ದು ನಿಂತು, “ಕೂಸು ಹೆಂಗೈತ್ರಿ?” ಅಂತ ಕೇಳೋಳು. ಒಂದೇ ಉತ್ತರ: “ಹೊರಗ ನಿಂದ್ರಿ. ಡಾಕ್ಟ್ರು ಹೇಳ್ತಾರ.”

ಡಾಕ್ಟ್ರು ಬಂದರು. ಮೂರು ದಿನದಿಂದ ಅಲ್ಲೇ ಕೂತಿದ್ದ ಅವ್ವನ ಕಡೆ ನೋಡಲಿಲ್ಲ. ಕಾಲಿಗೆ ಶೂ, ಹೆಗಲಿಗೆ ಲ್ಯಾಪ್‌ಟಾಪ್ ಬ್ಯಾಗು ಇದ್ದ ನನ್ನನ್ನು ನೋಡಿ ಇಂಗ್ಲಿಷಿನಲ್ಲಿ ನಲವತ್ತು ಸೆಕೆಂಡು ಮಾತಾಡಿ ಹೋದರು. “ಏನಂದ್ರಪಾ?” ಅಂದಳು ಅವ್ವ. “ಎಲ್ಲಾ ಸರಿ ಆಗತೈತಂತ” ಅಂದೆ. ಅವರು ಹೇಳಿದ್ದರಲ್ಲಿ ಅರ್ಧ ನನಗೂ ತಿಳಿದಿರಲಿಲ್ಲ.

ಕೂಸು ಉಳೀತು. ಅದಕ್ಕೆ ಆ ಡಾಕ್ಟರಿಗೂ ನರ್ಸುಗಳಿಗೂ ನಮ್ಮ ಮನೆಯವರೆಲ್ಲ ಋಣಿ. ಆದರೆ ಹದಿನೇಳನೇ ದಿನ ಮನೆಗೆ ಬಂದ ಮೇಲೆ ತಂಗಿ ಹೇಳಿದ ಮಾತು ಇನ್ನೂ ಕಿವಿಯಲ್ಲಿದೆ: “ಅಣ್ಣಾ, ಇದನ್ನ ಎತ್ತಿಗೊಳ್ಳಾಕ ಹೆದರಿಕಿ ಆಗತೈತಿ.” ಹೆತ್ತ ಕೂಸನ್ನು ಹದಿನೇಳು ದಿನ ಗಾಜಿನಾಚೆಯಿಂದ ನೋಡಿದವಳಿಗೆ ಇನ್ನೇನಾಗಬೇಕಿತ್ತು?

ಇದಕ್ಕೆ ನಮ್ಮಲ್ಲಿ ಸಿದ್ಧ ಸಮರ್ಥನೆ ಉಂಟು. “ನಮ್ಮ ಜನಕ್ಕೆ ಸ್ವಚ್ಛತೆ ಗೊತ್ತಿಲ್ಲ, ಒಳಗೆ ಬಿಟ್ಟರೆ ಇನ್‌ಫೆಕ್ಷನ್ ಆಗುತ್ತೆ.” ಕೇಳೋಕೆ ವೈಜ್ಞಾನಿಕವಾಗಿದೆ. ವಿಜ್ಞಾನ ಏನು ಹೇಳುತ್ತೆ ನೋಡೋಣ.

1978ರ ಸುಮಾರಿಗೆ ಕೊಲಂಬಿಯಾದ ಬೊಗೊಟಾದಲ್ಲಿ ಎಡ್ಗರ್ ರೇ ಎಂಬ ಮಕ್ಕಳ ಡಾಕ್ಟರು, ಇನ್‌ಕ್ಯುಬೇಟರ್‌ಗಳು ಸಾಲದೇ ಹೋದಾಗ, ಕಡಿಮೆ ತೂಕದ ಕೂಸುಗಳನ್ನು ತಾಯಿಯ ಎದೆಗೆ ನೇರವಾಗಿ, ಚರ್ಮಕ್ಕೆ ಚರ್ಮ ತಾಗುವಂತೆ ಕಟ್ಟಿಸಿದರು. ಅದೇ ಇವತ್ತಿನ ಕಾಂಗರೂ ಆರೈಕೆ. ಬಡವರ ಇನ್‌ಕ್ಯುಬೇಟರ್ ಅಂತ ಮೂಗು ಮುರಿದವರಿಗೆ 2021ರಲ್ಲಿ ಉತ್ತರ ಸಿಕ್ತು. ಘಾನಾ, ಮಲಾವಿ, ನೈಜೀರಿಯಾ, ಟಾಂಜಾನಿಯಾ ಮತ್ತು ನಮ್ಮ ದೆಹಲಿಯ ಸಫ್ದರ್‌ಜಂಗ್ ಆಸ್ಪತ್ರೆಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ ನಡೆಸಿದ ಅಧ್ಯಯನ ಅದು. ಕೂಸು ಸುಧಾರಿಸಿಕೊಳ್ಳಲಿ ಅಂತ ಕಾಯದೆ, ಹುಟ್ಟಿದ ಕೂಡಲೇ ಎದೆಗಪ್ಪಿಸಿದ ಗುಂಪಿನಲ್ಲಿ 28 ದಿನದೊಳಗೆ ತೀರಿಕೊಂಡ ಕೂಸುಗಳು ನೂರಕ್ಕೆ 12. ಮೊದಲು ಪೆಟ್ಟಿಗೆ, ಆಮೇಲೆ ತಾಯಿ ಎಂಬ ಗುಂಪಿನಲ್ಲಿ 15.7. ಇನ್‌ಫೆಕ್ಷನ್ ಶಂಕೆಯೂ ತಾಯಿಯ ಎದೆ ಮೇಲಿದ್ದ ಕೂಸುಗಳಲ್ಲೇ ಕಡಿಮೆ! ಇದಕ್ಕಾಗಿ ಅವರು ಐಸಿಯು ಒಳಗೇ ತಾಯಂದಿರಿಗೆ ಮಂಚ ಹಾಕಿಸಿದ್ದರು. ತಾನಾಗಿ ಉಸಿರಾಡಲಾಗದ ಕೂಸಿನ ಮಾತು ಬೇರೆ, ಅಲ್ಲಿ ಯಂತ್ರ ಬೇಕೇ ಬೇಕು. ಉಳಿದ ಕೂಸುಗಳ ತಾಯಿಯನ್ನು ಹೊರಗೆ ನಿಲ್ಲಿಸೋದಕ್ಕೆ ಇನ್‌ಫೆಕ್ಷನ್ನಿನ ನೆಪ ಹೇಳಬೇಡಿ.

ಕುಟುಂಬದವರಿಗೆ ಕೈ ತೊಳೆಯೋದರಿಂದ ಹಿಡಿದು ಹಾಲು ಕುಡಿಸೋವರೆಗೆ ಕಲಿಸಿ, ನವಜಾತ ಶಿಶು ಘಟಕದೊಳಗೆ ಬಿಟ್ಟುಕೊಳ್ಳಿ ಅಂತ ಕೇಂದ್ರ ಆರೋಗ್ಯ ಇಲಾಖೆ 2017ರಲ್ಲೇ ಮಾರ್ಗಸೂಚಿ ಹೊರಡಿಸಿದೆ. ಕಾಗದ ಒಳಗೆ ಹೋಗಿದೆ, ಅವ್ವ ಮಾತ್ರ ಇನ್ನೂ ಹೊರಗೇ.

ಇನ್ನು ನಮ್ಮ ಜಿಲ್ಲೆಯ ಕಥೆ. ಇದು ಗೊತ್ತಾದಾಗ ನನಗೂ ಆಶ್ಚರ್ಯವಾಯ್ತು. ಕಾಂಗರೂ ಆರೈಕೆಯನ್ನು ಇಡೀ ಜಿಲ್ಲೆಗೆ ಹಬ್ಬಿಸೋದು ಹೇಗೆ ಅಂತ ಇಥಿಯೋಪಿಯಾ ಮತ್ತು ಭಾರತದಲ್ಲಿ ನಡೆದ ದೊಡ್ಡ ಅಧ್ಯಯನಕ್ಕೆ ಕರ್ನಾಟಕದಿಂದ ಆಯ್ಕೆಯಾಗಿದ್ದು ಕೊಪ್ಪಳ. ಅದರ ಫಲಿತಾಂಶವೂ 2021ರಲ್ಲೇ ಬಂತು. ಎರಡು ಕಿಲೋಗಿಂತ ಕಡಿಮೆ ತೂಕದ ಕೂಸುಗಳಲ್ಲಿ, ಭಾರತದ ತಾಣಗಳನ್ನೆಲ್ಲ ಸೇರಿಸಿದರೆ, ನೂರಕ್ಕೆ 87ಕ್ಕೆ ಕಾಂಗರೂ ಆರೈಕೆ ಶುರುವಾಗಿತ್ತು. ಆಸ್ಪತ್ರೆ ಬಿಡುವ ಹೊತ್ತಿಗೆ ಸರಿಯಾಗಿ ನಡೀತಿದ್ದದ್ದು 55ಕ್ಕೆ. ಮನೆಗೆ ಹೋದ ಏಳು ದಿನಕ್ಕೆ ಕರ್ನಾಟಕದ ತಾಣದಲ್ಲಿ, ಅಂದರೆ ನಮ್ಮ ಕೊಪ್ಪಳದಲ್ಲಿ, 36.

ಈ 36 ನೋಡಿ “ಅನಕ್ಷರಸ್ಥ ತಾಯಂದಿರು” ಅಂತ ಷರಾ ಬರೆಯೋದು ಸುಲಭ. ಸ್ವಲ್ಪ ತಡೀರಿ. ಸರಿಯಾದ ಆರೈಕೆ ಅಂದರೆ ಎದೆಹಾಲು, ಅದರ ಜೊತೆಗೆ ದಿನಕ್ಕೆ ಕನಿಷ್ಠ ಎಂಟು ತಾಸು ಕೂಸನ್ನು ಎದೆಗೆ ಕಟ್ಟಿಕೊಂಡಿರೋದು. ಎಂಟು ತಾಸು! ನಿಮ್ಮ ಆಫೀಸಿನ ಒಂದು ಶಿಫ್ಟು. ಆ ಎಂಟು ತಾಸು ರೊಟ್ಟಿ ಬಡಿಯೋರು ಯಾರು? ನೀರು ತರೋರು ಯಾರು? ಕುಷ್ಟಗಿ, ಯಲಬುರ್ಗಾ ಕಡೆ ಮಳೆ ಕೈಕೊಟ್ಟರೆ ಗಂಡ ಗುಳೆ ಹೋಗಿರ್ತಾನೆ, ಬಹುಶಃ ನಿಮ್ಮದೇ ಅಪಾರ್ಟ್‌ಮೆಂಟಿನ ಕಾಮಗಾರಿಗೆ. ಮನೆಗೆ ಒಂದೇ ಕೋಣೆ. ಅದರಲ್ಲಿ ಮಾವ, ಮೈದುನ, ಬಂದು ಹೋಗೋರು. ಅಲ್ಲಿ ಸೊಸೆ ಎದೆ ಬಿಚ್ಚಿ ಕೂಸು ಮಲಗಿಸಿಕೊಂಡು ಎಲ್ಲಿ ಕೂಡಬೇಕು? ತಾಯಿಗೊಬ್ಬಳಿಗೆ ಪಾಠ ಹೇಳಿ ಮನೆಗೆ ಕಳಿಸಿದರೆ, ಮೊದಲೇ ಹೆದರಿದವಳ ತಲೆ ಮೇಲೆ ಇನ್ನೊಂದು ತಪ್ಪು ಹೊರಿಸಿದ ಹಾಗಾಯ್ತು, ಅಷ್ಟೇ.

ಕೂಸನ್ನು ಮತ್ತೆ ತೋರಿಸೋಕೆ ನಾವು ಬೇರೆ ಡಾಕ್ಟರ ಹತ್ತಿರ ಹೋದೆವು. ಊರಲ್ಲೇ ಇರೋ ಮಧ್ಯವಯಸ್ಸಿನ ಹೆಣ್ಣುಮಗಳು. ತೂಕ ನೋಡಿ, ಎದೆ ಪರೀಕ್ಷಿಸಿ, ಚೀಟಿ ಬರೆಯೋ ಮೊದಲು ಕೇಳಿದ್ದು: “ಮನ್ಯಾಗ ಅಡಿಗಿ ಯಾರು ಮಾಡ್ತೀರಿ?” ನಾನು ತಬ್ಬಿಬ್ಬಾದೆ. ಆಮೇಲೆ ಅವ್ವನಿಗೆ, “ಯಮ್ಮಾ, ಇಲ್ಲಿ ಮುಂದ ಬಂದು ಕುಂದ್ರಿ. ಕೂಸಿಗೆ ಎರಿಯೋರು ನೀವಾ?” ಅವ್ವನ ಮುಖ ಅರಳಿತು. ಎರೆದ ಮೇಲೆ ಲೋಬಾನದ ಹೊಗೆ ಹಾಕ್ತೀರಾ ಅಂತ ಕೇಳಿದರು. ಬೈಯಲಿಲ್ಲ. “ಕೂಸು ಬೆಚ್ಚಗಿರ್ಲಿ ಅಂತ ನೀವು ಹಾಕ್ತೀರಿ, ಆದ್ರ ಇದರ ಪುಪ್ಪುಸ ಇನ್ನೂ ಎಳೇದೈತಿ. ಹೊಗಿ ಬ್ಯಾಡ, ಎದಿ ಮ್ಯಾಲೆ ಮಲಗಿಸ್ರಿ, ಅದಕ್ಕಿಂತ ಬೆಚ್ಚಗ ಯಾವುದೂ ಇಲ್ಲ.” ತಂಗಿಯ ಗಂಡನಿಗೆ ಅಂಗಿ ಬಿಚ್ಚಿ ಕೂರೋಕೆ ಹೇಳಿ, ಕೂಸನ್ನು ಅವನೆದೆ ಮೇಲೆ ಇಟ್ಟರು. ಅವ್ವ ಸೆರಗು ಬಾಯಿಗೆ ಒತ್ತಿ ನಕ್ಕಳು. ಮನೆಗೆ ಬಂದ ಮೇಲೆ ಲೋಬಾನದ ಬಟ್ಟಲು ತೊಳೆದು ಅಟ್ಟಕ್ಕಿಟ್ಟವಳೂ ಅವಳೇ.

ಇಷ್ಟಕ್ಕೆಲ್ಲ ಹಿಡಿದದ್ದು ಹದಿನೈದು ನಿಮಿಷ. “ಹೊರಗೆ ಎಂಬತ್ತು ಪೇಷೆಂಟ್ ಕಾಯ್ತಿರ್ತಾರೆ, ಹದಿನೈದು ನಿಮಿಷ ಎಲ್ಲಿಂದ ತರೋದು?” ಅಂತ ಡಾಕ್ಟರ್ ಮಿತ್ರರು ಕೇಳ್ತಾರೆ. ನ್ಯಾಯವಾದ ಪ್ರಶ್ನೆ, ಅದನ್ನು ಸರ್ಕಾರಕ್ಕೂ ಕೇಳಬೇಕು. ಆದರೆ ಮನೆಯಲ್ಲಿ ಏನು ನಡೆಯುತ್ತೆ ಅಂತ ಕೇಳದೆ ಬರೆದ ಚೀಟಿಯಿಂದ ಅದೇ ಕೂಸು ಹದಿನೈದು ದಿನಕ್ಕೆ ವಾಪಸ್ ಬಂದರೆ ಹೋಗೋದು ಎಷ್ಟು ನಿಮಿಷ? ದಿನವಿಡೀ ವರಾಂಡದಲ್ಲಿ ಕೂತಿರೋ ಅವ್ವಂದಿರಿಗೆ ಕೈ ತೊಳೆಯೋದು ಕಲಿಸಿ ಒಳಗೆ ಬಿಟ್ಟರೆ ನರ್ಸಿನ ಹೊರೆ ಇಳಿಯುತ್ತೋ ಏರುತ್ತೋ? ಎಲ್ಲದಕ್ಕೂ ಸಮಯದ ಕೊರತೆಯೇ ಕಾರಣ ಅಲ್ಲ. ಕೌದಿ ಮೇಲೆ ಕೂತವಳಿಗೆ ಉತ್ತರ ಕೊಡಬೇಕು ಅಂತ ಅನ್ನಿಸದಿರೋದೂ ಒಂದು ಕಾರಣ.

ಹಾಗಂತ ಬೆಂಗಳೂರಿನ ನಾವು ಬೀಗಬೇಕಾಗಿಲ್ಲ. ದುಬಾರಿ ಆಸ್ಪತ್ರೆಯಲ್ಲಿ ನಮ್ಮ ಕೂಸು ಗಾಜಿನೊಳಗಿದ್ದರೆ ಅದರ ಫೋಟೋ ವಾಟ್ಸಾಪಿಗೆ ಬರುತ್ತೆ, ನಾವು ಹೊರಗೇ ನಿಂತಿರ್ತೀವಿ. ನಿಲ್ಲೋಕೆ ಎಸಿ ಇರುತ್ತೆ, ಅಷ್ಟೇ ವ್ಯತ್ಯಾಸ. ಅಪ್ಪನ ಎದೆಯೂ ಕೂಸಿಗೆ ಅಷ್ಟೇ ಬೆಚ್ಚಗೆ. ಆದರೆ ಆ ಅಪ್ಪ ನಾಲ್ಕನೇ ದಿನಕ್ಕೆ ಸ್ಟ್ಯಾಂಡ್‌ಅಪ್ ಮೀಟಿಂಗಿನಲ್ಲಿರ್ತಾನೆ. ಕೇಂದ್ರ ಸರ್ಕಾರದ ನೌಕರನಿಗಾದರೂ 15 ದಿನ ಪಿತೃತ್ವ ರಜೆ ಇದೆ. ಖಾಸಗಿ ಕಂಪನಿಯವನಿಗೆ ಅಂಥ ರಜೆ ಕಾನೂನಿನಲ್ಲೇ ಇಲ್ಲ, ಎಚ್‌ಆರ್ ಕೊಟ್ಟಷ್ಟು. ನಿಮ್ಮ ಟೀಮಿನ ಹುಡುಗ ರಜೆ ಕೇಳಿದಾಗ “ಡೆಲಿವರಿ ಆಯ್ತಲ್ಲ, ಇನ್ನೇನು?” ಅಂದಿದ್ದರೆ, ‘ಹೊರಗ ನಿಂದ್ರಿ’ ಅಂದವರಲ್ಲಿ ನೀವೂ ಒಬ್ಬರು.

ನಾಳೆ ನಿಮ್ಮ ಮನೆಯ ಕೂಸು ಗಾಜಿನೊಳಗಿದ್ದರೆ ಡಾಕ್ಟರನ್ನು ಕೇಳಿ: ಎದೆಗೆ ಯಾವಾಗ ಕೊಡ್ತೀರಿ? ಇವತ್ತು ಯಾಕೆ ಆಗಲ್ಲ? ಇಂಗ್ಲಿಷಲ್ಲಿ ಉತ್ತರ ಬಂದರೆ, ಪಕ್ಕದಲ್ಲಿರೋ ಅವ್ವನಿಗೆ ತಿಳಿಯೋ ಹಾಗೆ ಇನ್ನೊಮ್ಮೆ ಹೇಳಿ ಅನ್ನಿ. ನಾನು ಅವತ್ತು ಕೇಳಲಿಲ್ಲ. ಕೇಳಿದ್ದರೆ ಆ ಹದಿನೇಳು ದಿನದಲ್ಲಿ ಹತ್ತು ದಿನವಾದರೂ ನನ್ನ ತಂಗಿಗೆ ಸಿಗ್ತಿದ್ವೇನೋ.