ಬಯಲಿನ ಕೂಲರ್, ಮಲೆಯ ಮನೆ

ಏಪ್ರಿಲ್ ತಿಂಗಳ ನಡುಹಗಲಿನಲ್ಲಿ ದಾವಣಗೆರೆಯ ಬಿಸಿಲು 38 ಡಿಗ್ರಿ ಮುಟ್ಟುವುದು ಹೊಸ ಸಂಗತಿಯಲ್ಲ. ಸರಸ್ವತಿ ನಗರದಂತಹ ಬಡಾವಣೆಗಳಲ್ಲಿ ಕಾಂಕ್ರೀಟ್ ತಾರಸಿಯ ಕೆಳಗೆ ಬೇಯುವ ಕೋಣೆಗಳಿಗೆ ಕಿಟಕಿಯ ಕೂಲರ್ ಒಂದು ಆಸರೆ. ಅದೇ ಪೆಟ್ಟಿಗೆ ಈಗ ಘಟ್ಟದ ಪೇಟೆಗಳ ಅಂಗಡಿಗಳಲ್ಲಿಯೂ ಮಾರಾಟಕ್ಕಿದೆ. ಅಡಿಕೆ ಮಾರಿದ ಹಣದಲ್ಲಿ ಅದನ್ನು ಮನೆಗೆ ತರುವವರಿದ್ದಾರೆ. ಬಯಲುಸೀಮೆಯವರು ಭದ್ರೆಯ ನೀರನ್ನು ಕೂಲರಿಗೆ ಸುರಿದು ಗಾಳಿಗೆ ತೂರುತ್ತಿದ್ದಾರೆಂದು ದೂರುವವರೂ ಇದ್ದಾರೆ. ಈ ಎರಡೂ ನಡೆಗಳನ್ನು ಲೆಕ್ಕಕ್ಕೆ ಒಡ್ಡಿ ನೋಡಬೇಕಾಗಿದೆ.

ಒಂದು ಲೀಟರ್ ನೀರು ಆವಿಯಾಗಲು ಸುಮಾರು 580 ಕಿಲೊಕ್ಯಾಲೊರಿ ಶಾಖ ಬೇಕು. ಒದ್ದೆ ಚಾಪೆಯ ಮೂಲಕ ಹಾಯುವ ಗಾಳಿ ಈ ಶಾಖವನ್ನು ತನ್ನಿಂದಲೇ ಕೊಟ್ಟು ತಂಪಾಗುತ್ತದೆ. ಮಣ್ಣಿನ ಹೂಜಿಯ ನೀರು ತಣ್ಣಗಿರುವುದೂ, ಲಾವಂಚದ ತಟ್ಟಿಗೆ ನೀರು ಚಿಮುಕಿಸಿದರೆ ಕೋಣೆ ತಂಪಾಗುವುದೂ ಇದರಿಂದಲೇ. ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯು 1980ರ ದಶಕದಲ್ಲಿ ಇಟ್ಟಿಗೆಯ ಜೋಡಿಗೋಡೆಗಳ ನಡುವೆ ಒದ್ದೆ ಮರಳು ತುಂಬಿ, ವಿದ್ಯುತ್ತಿಲ್ಲದೆ ತರಕಾರಿ ಕಾಪಿಡುವ ಕೋಣೆಯನ್ನು ರೂಪಿಸಿದ್ದೂ ಇದೇ ತತ್ತ್ವದ ಮೇಲೆ.

ಆದರೆ ಗಾಳಿಗೆ ಹೀರುವ ದಾಹ ಇದ್ದರೆ ಮಾತ್ರ ನೀರು ಆವಿಯಾದೀತು. ಉಷ್ಣಮಾಪಕದ ಬಲ್ಬಿಗೆ ಒದ್ದೆ ಬಟ್ಟೆ ಸುತ್ತಿ ಗಾಳಿಗೆ ಹಿಡಿದಾಗ ಕಾಣುವ ಉಷ್ಣತೆಯೇ ಈ ತಂಪಿನ ಕೊನೆಯ ಮಿತಿ. 38 ಡಿಗ್ರಿ ಬಿಸಿಲು, ಶೇಕಡಾ 25 ತೇವಾಂಶವಿರುವ ಬಯಲಿನ ಮಧ್ಯಾಹ್ನ ಈ ಮಿತಿ ಸುಮಾರು 23 ಡಿಗ್ರಿ. ಒಳ್ಳೆಯ ಕೂಲರ್ ಈ ಅಂತರದ ಮುಕ್ಕಾಲು ಪಾಲನ್ನು ಕ್ರಮಿಸುತ್ತದೆ. ಅದರಿಂದ ಹೊರಬರುವ ಗಾಳಿ 27 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಹವಾನಿಯಂತ್ರಕಕ್ಕೆ ಬೇಕಾಗುವ ವಿದ್ಯುತ್ತಿನ ಎಂಟನೆಯ ಒಂದು ಭಾಗದಷ್ಟರಲ್ಲಿ ಇಷ್ಟು ದೊರೆತರೆ ಅದನ್ನು ಹಳಿಯಲಾಗದು.

ಘಟ್ಟದ ಮಡಿಲಿನ ಹಳ್ಳಿಯಲ್ಲಿ, ಮುಂಗಾರುಪೂರ್ವ ಮಳೆ ಬಿದ್ದ ಮೇ ತಿಂಗಳಿನ ಒಂದು ದಿನ, ಉಷ್ಣತೆ 32 ಡಿಗ್ರಿ, ತೇವಾಂಶ ಶೇಕಡಾ 70 ಎಂದಿಟ್ಟುಕೊಂಡರೆ ಮಿತಿ 27 ಡಿಗ್ರಿಗಿಂತ ಮೇಲೆಯೇ ನಿಲ್ಲುತ್ತದೆ. ದೊರೆಯುವ ಲಾಭ ಮೂರು ಡಿಗ್ರಿ. ಅದರ ಬೆಲೆಯಾಗಿ ಕೋಣೆಯ ಗಾಳಿ ತೇವದಿಂದ ತುಂಬಿ, ಮೈಯ ಬೆವರು ಆರದೆ, ಸೆಕೆ ಹೆಚ್ಚಿದಂತೆಯೇ ಅನಿಸುತ್ತದೆ. ಅದೇ ಮನೆಯ ಅಟ್ಟದಲ್ಲಿ ಅಡಿಕೆಯ ಮೂಟೆಗಳಿದ್ದರೆ ಬೂಷ್ಟಿಗೆ ಆಹ್ವಾನ ಕೊಟ್ಟಂತೆ. ಫೆಬ್ರವರಿ-ಮಾರ್ಚಿನ ಒಣ ಮಧ್ಯಾಹ್ನಗಳಲ್ಲಿ ಮಲೆನಾಡಿನಲ್ಲಿಯೂ ಕೂಲರ್ ಕೆಲಸ ಮಾಡೀತು, ನಿಜ. ಅಂತಹ ದಿನಗಳಲ್ಲಿ ಹೆಂಚಿನ ಮಾಡಿನ ಕೆಳಗೆ ಅದರ ಅಗತ್ಯವೇನೆಂಬುದು ಬೇರೆ ಪ್ರಶ್ನೆ. ಮಲೆನಾಡಿನ ಮನೆ ಇತ್ತೀಚೆಗೆ ಕಾಯುತ್ತಿರುವುದಕ್ಕೆ ಬಹುಮಟ್ಟಿಗೆ ಕಾರಣ ಹೆಂಚನ್ನು ಇಳಿಸಿ ಹೊಯ್ದ ತಾರಸಿ, ಅಂಗಳಕ್ಕಾಗಿ ಕಡಿದ ಹಲಸು-ಮಾವು. ಆ ಮರಗಳೂ ಎಲೆಯ ಮೂಲಕ ನೀರನ್ನು ಆವಿಯಾಗಿಸುವ ಕೂಲರುಗಳೇ ಆಗಿದ್ದವು, ನೆರಳನ್ನೂ ಕೊಡುತ್ತಿದ್ದವು.

ಇನ್ನು ನೀರಿನ ದೂರು. ದಾವಣಗೆರೆ ನಗರ ಕುಡಿಯುವುದು ಭದ್ರಾ ನಾಲೆಯ ನೀರನ್ನು ಮತ್ತು ಹರಿಹರದ ಬಳಿಯ ತುಂಗಭದ್ರೆಯ ನೀರನ್ನು. ಎರಡಕ್ಕೂ ಮೂಲ ಘಟ್ಟವೇ. 2011ರ ಜನಗಣತಿಯಂತೆ ಅಲ್ಲಿನ ಜನಸಂಖ್ಯೆ ನಾಲ್ಕು ಲಕ್ಷಕ್ಕೂ ಮಿಕ್ಕಿದ್ದು. ಹತ್ತು ಸಾವಿರ ಮನೆಗಳು ದಿನಕ್ಕೆ 50 ಲೀಟರಿನಂತೆ 90 ದಿನ ಕೂಲರಿಗೆ ನೀರೆರೆದವು ಎಂದಿಟ್ಟುಕೊಳ್ಳೋಣ. ಒಟ್ಟು ನಾಲ್ಕೂವರೆ ಕೋಟಿ ಲೀಟರ್ ಆಯಿತು. ಕೇಳಲು ಭಾರೀ ಮೊತ್ತ. ಆದರೆ ಒಂದು ಎಕರೆ ಬೇಸಿಗೆ ಭತ್ತಕ್ಕೆ 1200 ಮಿಲಿಮೀಟರ್ ನೀರು ನಿಲ್ಲಿಸಿದರೆ 48 ಲಕ್ಷ ಲೀಟರ್ ಬೇಕು. ಅಂದರೆ ಹತ್ತು ಸಾವಿರ ಮನೆಗಳ ಇಡೀ ಬೇಸಿಗೆಯ ತಂಪು ಹತ್ತು ಎಕರೆ ಗದ್ದೆಯ ನೀರಿನಷ್ಟೂ ಇಲ್ಲ! ಭದ್ರೆಯ ಬಗ್ಗೆ ದನಿಯೆತ್ತುವವರು ಬಡಾವಣೆಯ ಕಿಟಕಿಯತ್ತ ಬೊಟ್ಟು ಮಾಡುವ ಮೊದಲು ಅಚ್ಚುಕಟ್ಟಿನ ಬೆಳೆ ಪದ್ಧತಿಯನ್ನು ಕುರಿತು ಮಾತನಾಡಬೇಕು. ಅದು ಕಠಿಣವಾದ ಮಾತು, ಏಕೆಂದರೆ ಅಲ್ಲಿ ಎದುರಿಗಿರುವವರು ರೈತರು.

ಹಾಗೆಂದು ನಗರದವರಿಗೆ ವಿನಾಯಿತಿಯಿಲ್ಲ. ನಾಲೆ ನಿಂತಾಗ, ಕುಂದವಾಡ ಕೆರೆಯಂತಹ ಸಂಗ್ರಹ ತಗ್ಗಿದಾಗ, ಶುದ್ಧೀಕರಿಸಿದ 50 ಲೀಟರ್ ಎಂದರೆ ಒಂದು ಬಡ ಕುಟುಂಬದ ಅಡುಗೆ-ಕುಡಿಯುವ ನೀರು. ಹವಾನಿಯಂತ್ರಕದ ಅಭ್ಯಾಸದಿಂದ ಕಿಟಕಿ-ಬಾಗಿಲು ಮುಚ್ಚಿ ಕೂಲರ್ ನಡೆಸುವ ಮನೆಗಳಲ್ಲಂತೂ ನೀರು ಪೂರ್ತಿ ವ್ಯರ್ಥ. ತೇವದ ಗಾಳಿ ಹೊರಹೋಗಲು ಎದುರಿನ ಕಿಟಕಿ ತೆರೆದಿರಲೇಬೇಕು. ಕೊಳವೆಬಾವಿಯ ಗಡಸು ನೀರು ಚಾಪೆಗೆ ಉಪ್ಪು ಕಟ್ಟಿಸಿ ಗಾಳಿಯ ದಾರಿ ಮುಚ್ಚುತ್ತದೆ. ವಾರಕ್ಕೊಮ್ಮೆ ತೊಟ್ಟಿ ಬರಿದುಮಾಡಿ ಉಜ್ಜದಿದ್ದರೆ ಈಡಿಸ್ ಸೊಳ್ಳೆ ಮೊಟ್ಟೆಯಿಡುತ್ತದೆ. ಕರ್ನಾಟಕ ಸರ್ಕಾರ 2024ರಲ್ಲಿ ಡೆಂಗಿಯನ್ನು ಸಾಂಕ್ರಾಮಿಕವೆಂದು ಘೋಷಿಸಬೇಕಾಗಿ ಬಂದದ್ದನ್ನು ಮರೆಯಲಾಗದು.

ಮಲೆನಾಡಿನ ಶಾಲೆಗಳಲ್ಲಿ ಎರಡು ಉಷ್ಣಮಾಪಕಗಳಿಗೆ ಕೊರತೆಯಿರಲಾರದು. ಒಂದಕ್ಕೆ ಒದ್ದೆ ಬಟ್ಟೆ ಸುತ್ತಿ, ಎರಡನ್ನೂ ನೆರಳಿನಲ್ಲಿ ತೂಗುಹಾಕಿ, ಮಾರ್ಚಿನಿಂದ ಮೇ ಕೊನೆಯವರೆಗೆ ಮಧ್ಯಾಹ್ನ ಮೂರು ಗಂಟೆಗೆ ಬೀಸಣಿಗೆಯ ಗಾಳಿ ಹಾಕಿ ಅಂತರವನ್ನು ವಿದ್ಯಾರ್ಥಿಗಳು ಬರೆದಿಡಬಹುದು. ಅಂತರ ಹತ್ತು ಡಿಗ್ರಿ ದಾಟುವ ಊರಿನಲ್ಲಿ ಕೂಲರ್ ಕೊಳ್ಳಲು ಅಡ್ಡಿಯಿಲ್ಲ. ಐದಕ್ಕಿಂತ ಕಡಿಮೆಯಿರುವ ಕಡೆ, ಬೇಸಿಗೆಯ ಮೊದಲೇ ತಾರಸಿಗೆ ಬಿಳಿ ಸುಣ್ಣ ಬಳಿದು, ಪಶ್ಚಿಮದ ಗೋಡೆಗೆ ಸೋಗೆಯ ಮರೆ ಕಟ್ಟಿ, ಆ ಹಣವನ್ನು ಉಳಿಸಿಕೊಳ್ಳಬಹುದು.