ಒಂದೇ ಪಾತ್ರೆಯ ಸುತ್ತ

ಕಾಲೇಜಿನ ವಾರ್ಷಿಕ ಸಂಚಿಕೆಗೆ ಬರೆಯಹೊರಟವರು ಶಿಸ್ತು, ದೇಶಪ್ರೇಮ, ವಿದ್ಯಾರ್ಥಿಗಳು ಮತ್ತು ರಾಜಕೀಯ ಮೊದಲಾದ ಗಂಭೀರ ವಿಷಯಗಳನ್ನು ಆರಿಸಿಕೊಳ್ಳುವುದು ವಾಡಿಕೆ. ಊಟದ ವಿಷಯವನ್ನು, ಅದರಲ್ಲಿಯೂ ಫಾಂಡ್ಯೂ ಎಂಬ ಪರದೇಶದ ಊಟದ ವಿಷಯವನ್ನು ನಾನು ಬರೆಯುವೆನೆಂದಾಗ ಮಿತ್ರರು ನಕ್ಕರು. ಒಬ್ಬನಂತೂ, "ಎಲ್ಲರೂ ಒಂದೇ ಪಾತ್ರೆಯಲ್ಲಿ ಅದ್ದಿ ತಿನ್ನುವುದೆ? ಥೂ, ಎಂಜಲು!" ಎಂದು ಮುಖ ಸಿಂಡರಿಸಿದ. ಈ ಲೇಖನ ಹುಟ್ಟಿದ್ದು ಆ ಒಂದು ಮಾತಿನಿಂದಲೇ ಎಂದರೆ ತಪ್ಪಾಗಲಾರದು. ಏಕೆಂದರೆ ಎಂಜಲೆಂಬುದು ನಮ್ಮ ನಾಡಿನಲ್ಲಿ ಬರಿಯ ಶುಚಿತ್ವದ ಶಬ್ದವಲ್ಲವೆಂಬುದನ್ನು ಓದುಗರಿಗೆ ನಾನು ಹೇಳಿಕೊಡಬೇಕಾಗಿಲ್ಲ.

ಮೊದಲು ಆ ಪದಾರ್ಥವೇನೆಂದು ತಿಳಿಯೋಣ. ಫ್ರೆಂಚ್ ಭಾಷೆಯಲ್ಲಿ ಫಾಂಡ್ಯೂ ಎಂದರೆ 'ಕರಗಿದ್ದು' ಎಂದಷ್ಟೇ ಅರ್ಥ. ಸ್ವಿಟ್ಸರ್ಲೆಂಡಿನ ಪಶ್ಚಿಮದ, ಫ್ರೆಂಚ್ ಮಾತನಾಡುವ ಸೀಮೆಯ ಚಳಿಗಾಲದ ಊಟವಿದು. ದಪ್ಪ ತಳದ, ಹಿಡಿಯುಳ್ಳ ಪಾತ್ರೆಯ ಒಳಮೈಗೆ ಬೆಳ್ಳುಳ್ಳಿ ಉಜ್ಜಿ, ಅದರಲ್ಲಿ ಬಿಳಿಯ ವೈನನ್ನು ಕಾಯಿಸಿ, ತುರಿದ ಚೀಸನ್ನು ಹಿಡಿಹಿಡಿಯಾಗಿ ಹಾಕುತ್ತ ಕೈಬಿಡದೆ ತಿರುವಬೇಕು. ಗ್ರುಯೇರ್ ಎಂಬ ಚೀಸು ಅರ್ಧ, ಫ್ರಿಬೂರ್ ಪ್ರಾಂತದ ವಾಶರಾನ್ ಎಂಬ ಮೆತ್ತನೆಯ ಚೀಸು ಅರ್ಧ ಬೆರೆಸುವುದು ಒಂದು ಹೆಸರಾಂತ ಕ್ರಮ. ತಲೆಗೆ ಸುಮಾರು 200 ಗ್ರಾಂ ಚೀಸು ಬೇಕು. ಚೀಸನ್ನು ಬರಿದೇ ಕಾಯಿಸಿದರೆ ಜಿಡ್ಡು ಒಂದು ಕಡೆ, ಗಂಟು ಒಂದು ಕಡೆಯಾಗಿ ಒಡೆದುಹೋಗುತ್ತದೆ. ವೈನಿನ ಹುಳಿ ಚೀಸಿನೊಳಗಿನ ಕ್ಯಾಲ್ಸಿಯಂ ಅಂಶವನ್ನು ಹಿಡಿದುಕೊಳ್ಳುವುದರಿಂದಲೂ, ಮೆಕ್ಕೆಜೋಳದ ಪಿಷ್ಟ ಒಂದಿಷ್ಟು ಸೇರುವುದರಿಂದಲೂ ಅದು ಒಡೆಯದೆ ನುಣ್ಣಗೆ ನಿಲ್ಲುತ್ತದೆ. ಕಡೆಯಲ್ಲಿ ಚೆರಿ ಹಣ್ಣಿನಿಂದ ಬಟ್ಟಿಯಿಳಿಸಿದ ಕಿರ್ಶ್ ಎಂಬ ಮದ್ಯವನ್ನು ತುಸು ಸುರಿಯುತ್ತಾರೆ. ಆಮೇಲೆ ಪಾತ್ರೆಯನ್ನು ಮೇಜಿನ ನಡುವಿನ ಸಣ್ಣ ಸ್ಪಿರಿಟ್ ಒಲೆಯ ಮೇಲಿಟ್ಟು, ಸುತ್ತ ಕುಳಿತವರು ಬ್ರೆಡ್ಡಿನ ತುಂಡುಗಳನ್ನು ಉದ್ದನೆಯ ಮುಳ್ಳುಚಮಚಕ್ಕೆ ಚುಚ್ಚಿ ಅದ್ದಿ ತಿನ್ನುವುದು.

ನಮ್ಮ ಮಿತ್ರನ ಆಕ್ಷೇಪಣೆಗೆ ಇಲ್ಲಿಯೇ ಸಮಾಧಾನ ಹೇಳಿಬಿಡುತ್ತೇನೆ. ಮುಳ್ಳು ತುಟಿಗೆ ತಾಗದಂತೆ ಬ್ರೆಡ್ಡನ್ನಷ್ಟೇ ಹಲ್ಲಿನಿಂದ ಸೆಳೆದುಕೊಳ್ಳಬೇಕೆಂಬುದು ಅಲ್ಲಿಯ ಮರ್ಯಾದೆ. ಒಮ್ಮೆ ಕಚ್ಚಿದ ತುಂಡನ್ನು ಮತ್ತೆ ಅದ್ದುವಂತಿಲ್ಲ. ಮಡಿಯೆಂಬುದು ಅವರಿಗೂ ಇದೆ. ಅದು ಬಾಯಿಗೆ ಸಂಬಂಧಪಟ್ಟದ್ದು, ಹುಟ್ಟಿಗೆ ಸಂಬಂಧಪಟ್ಟದ್ದಲ್ಲ, ಅಷ್ಟೆ. ನಿಜವಾಗಿ ವಿಚಾರಿಸಬೇಕಾದ ಆಕ್ಷೇಪಣೆ ಬೇರೆ ಇದೆ. ಗ್ರುಯೇರ್ ಚೀಸಿಗೆ ಹಾಲನ್ನು ಒಡೆಸುವ ಹೆಪ್ಪು ಕರುವಿನ ಹೊಟ್ಟೆಯಿಂದ ತೆಗೆದದ್ದು. ಆದುದರಿಂದ ಕಟ್ಟಾ ಸಸ್ಯಾಹಾರಿಗಳು ಕೇಳಿ ತಿಳಿದು ತಿನ್ನುವುದು ಲೇಸು. ಇನ್ನು ಫಾಂಡ್ಯೂವಿನೊಡನೆ ತಣ್ಣೀರು ಕುಡಿದರೆ ಚೀಸು ಹೊಟ್ಟೆಯಲ್ಲಿ ಉಂಡೆಗಟ್ಟುವುದೆಂಬ ನಂಬಿಕೆ ಅಲ್ಲಿ ಮನೆಮನೆಯಲ್ಲಿದೆ. ಅದಕ್ಕಾಗಿ ಕೆಲವರು ವೈನ್ ಕುಡಿಯುತ್ತಾರೆ, ಕೆಲವರು ಹಾಲಿಲ್ಲದ ಚಹಾ ಕುಡಿಯುತ್ತಾರೆ. ಈ ವಾದದ ತೀರ್ಮಾನಕ್ಕೆಂದು ಜ್ಯೂರಿಕ್ಕಿನ ವೈದ್ಯರು 20 ಮಂದಿಗೆ ಫಾಂಡ್ಯೂ ತಿನ್ನಿಸಿ ಪರೀಕ್ಷೆ ಮಾಡಿ, 2010ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಪತ್ರಿಕೆಯಲ್ಲಿ ಪ್ರಕಟಿಸಿದರು. ವೈನ್ ಕುಡಿದವರ ಜಠರ ಬರಿದಾಗಲು ಚಹಾ ಕುಡಿದವರದಕ್ಕಿಂತ ಹೆಚ್ಚು ಹೊತ್ತು ಹಿಡಿಯಿತಂತೆ. ಚಹಾದ ಪಕ್ಷದವನಾದ ನನಗೆ ಇದನ್ನು ಓದಿ ಬಹಳ ಸಂತೋಷವಾಯಿತು.

ಸರ್ಕಾರಿ ಕಾಲೇಜಿನ ಹುಡುಗನಿಗೆ ಇದೆಲ್ಲ ಎಲ್ಲಿಂದ ತಿಳಿಯಿತೆಂದು ಕೇಳಬಹುದು. ನಮ್ಮ ಸೋದರಮಾವನ ಹಿರಿಯ ಮಗ ಬೆಂಗಳೂರಿನ ಒಂದು ಭೋಜನಗೃಹದಲ್ಲಿ ಅಡುಗೆ ಕೆಲಸದಲ್ಲಿದ್ದಾನೆ. ಕಳೆದ ವರ್ಷದ ರಜೆಯಲ್ಲಿ ಪರೀಕ್ಷೆಯ ಶುಲ್ಕಕ್ಕೆ ಆದೀತೆಂದು ಒಂದು ತಿಂಗಳು ಅಲ್ಲಿ ಬಡಿಸುವ ಕೆಲಸಕ್ಕೆ ನಿಂತೆ. ಅಲ್ಲಿಯ ತಿಂಡಿಗಳ ಪಟ್ಟಿಯಲ್ಲಿ ಫಾಂಡ್ಯೂವಿನ ಮುಂದೆ 'ಕನಿಷ್ಠ ಇಬ್ಬರಿಗೆ' ಎಂದು ಬರೆದಿತ್ತು. ಒಬ್ಬನೇ ಬಂದವನಿಗೆ ಸಿಗದ ಊಟವೊಂದು ಪ್ರಪಂಚದಲ್ಲಿದೆಯೆಂಬುದು ನನಗೆ ಮೊದಲು ತಿಳಿದದ್ದು ಆಗಲೇ. ಅದರ ಬೆಲೆಯಿಂದ ನಮ್ಮ ಮನೆಗೆ ಹದಿನೈದು ದಿನದ ಅಕ್ಕಿ ಬರುತ್ತಿತ್ತೆಂಬುದನ್ನೂ ಹೇಳಿಬಿಡಬೇಕು.

ಬಡಿಸುವವನ ಜಾಗದಿಂದ ಊಟವನ್ನು ನೋಡುವುದು ಒಂದು ವಿದ್ಯಾಭ್ಯಾಸವೇ ಸರಿ. ಬೇರೆ ಮೇಜುಗಳಲ್ಲಿ ಜನ ಒಂದು ಕೈಯಲ್ಲಿ ಮೊಬೈಲ್ ಹಿಡಿದು ಇನ್ನೊಂದು ಕೈಯಲ್ಲಿ ಉಣ್ಣುತ್ತಿದ್ದರು. ಫಾಂಡ್ಯೂ ಮೇಜಿನಲ್ಲಿ ಅದು ಸಾಗದು. ಗಮನ ತಪ್ಪಿದರೆ ಬ್ರೆಡ್ಡು ಜಾರಿ ಪಾತ್ರೆಯೊಳಗೆ ಮುಳುಗುತ್ತದೆ. ಹಾಗೆ ಬೀಳಿಸಿದವನು ಎಲ್ಲರಿಗೂ ವೈನ್ ಕೊಡಿಸಬೇಕೆಂಬುದು ಸ್ವಿಟ್ಸರ್ಲೆಂಡಿನ ಒಂದು ತಮಾಷೆಯ ದಂಡ. ಇದಕ್ಕಿಂತಲೂ ನನ್ನ ಮನಸ್ಸಿಗೆ ನಾಟಿದ ಸಂಗತಿ ಮತ್ತೊಂದಿದೆ. ಒಮ್ಮೆ ಅತ್ತೆ, ಮಾವ, ಮಗ, ಸೊಸೆ ಎಲ್ಲರೂ ಬಂದಿದ್ದರು. ಸೊಸೆ ಅಭ್ಯಾಸಬಲದಿಂದ, "ನೀವು ಮೊದಲು ತಗೊಳ್ಳಿ ಮಾವ, ನಾನು ಆಮೇಲೆ" ಎಂದರು. ನಮ್ಮ ಭಾವ ಒಲೆಯ ಉರಿ ಸರಿಮಾಡುತ್ತ, "ಆಮೇಲೆ ಅಂದರೆ ಗಟ್ಟಿಯಾಗಿಬಿಡುತ್ತೆ ಅಮ್ಮಾ, ಎಲ್ಲರೂ ಒಟ್ಟಿಗೇ ತಿನ್ನಬೇಕು" ಎಂದ. ಎಲ್ಲರೂ ಒಟ್ಟಿಗೇ ತಿಂದರು. ನಮ್ಮ ಮನೆಗಳಲ್ಲಿ ಗಂಡಸರು ಉಂಡೆದ್ದ ಮೇಲೆ ಆರಿದ ಅನ್ನಕ್ಕೆ ಆರಿದ ಸಾರು ಕಲಸಿಕೊಂಡು ಉಣ್ಣುವ ತಾಯಂದಿರ ಕಷ್ಟವನ್ನು ಎಷ್ಟು ಭಾಷಣಗಳೂ ಬಗೆಹರಿಸಲಿಲ್ಲ. ಕರಗಿದ ಚೀಸು ಅರ್ಧ ಗಂಟೆಯ ಮಟ್ಟಿಗಾದರೂ ಬಗೆಹರಿಸಿತಲ್ಲಾ ಎಂದು ನಾನು ಬೆರಗಾದೆ. ಆದರೆ ಅದೇ ಕುಟುಂಬದ ಕಾರಿನ ಚಾಲಕ ಹೊರಗೆ ಗಾಡಿಯಲ್ಲೇ ಕುಳಿತು, ಪೊಟ್ಟಣದ ಚಿತ್ರಾನ್ನ ಬಿಚ್ಚಿಕೊಂಡು ತಿನ್ನುತ್ತಿದ್ದುದನ್ನೂ ನೀರು ಕೊಡಲು ಹೋದ ನಾನೇ ಕಂಡೆ.

ನಾನು ಊರಿಗೆ ಹೊರಡುವ ಹಿಂದಿನ ರಾತ್ರಿ, ಬಾಗಿಲು ಹಾಕಿದ ಮೇಲೆ, ಉಳಿದ ಚೀಸಿನ ತುಂಡುಗಳನ್ನೆಲ್ಲ ಸೇರಿಸಿ ಭಾವ ನಮಗಾಗಿಯೇ ಒಂದು ಪಾತ್ರೆ ಇಳಿಸಿದ. ಪಾತ್ರೆ ತೊಳೆಯುವ ಒಡಿಶಾದ ಹುಡುಗ, ನೇಪಾಳದ ಅಡುಗೆಯವರು, ಭಾವ, ನಾನು, ನಾಲ್ವರೂ ಕುಳಿತೆವು. ರುಚಿ ಹೇಗಿತ್ತೆಂದರೆ, ಉಪ್ಪುಪ್ಪಾಗಿ, ಒಗರಾಗಿ, ಮೊದಲ ತುತ್ತಿಗೆ ಅಷ್ಟೇನೂ ಹಿಡಿಸದೆ, ಐದನೆಯದಕ್ಕೆ ಬಿಡಲಾರದಂತೆ ಇತ್ತು. ಪಾತ್ರೆಯ ತಳದಲ್ಲಿ ಸೀದು ಹಿಡಿದ ಹೊಂಬಣ್ಣದ ಸೀಕನ್ನು ಸ್ವಿಸ್ಸರು 'ಸನ್ಯಾಸಿನಿ' ಎಂದು ಕರೆದು ಎಲ್ಲಕ್ಕಿಂತ ರುಚಿಯೆಂದು ಹಂಚಿಕೊಳ್ಳುತ್ತಾರಂತೆ. ನಾವೂ ಅದನ್ನು ಎಬ್ಬಿಸಿ ನಾಲ್ಕು ಪಾಲು ಮಾಡಿದೆವು.

ಊರಿಗೆ ಬಂದ ಮೇಲೆ ಇದರ ಚರಿತ್ರೆಯನ್ನು ಹುಡುಕಿ ಓದಿದೆ. ಆಲ್ಪ್ಸ್ ಬೆಟ್ಟದ ಬಡ ದನಗಾಹಿಗಳು ಒಣಗಿದ ಬ್ರೆಡ್ಡು, ಗಟ್ಟಿಯಾದ ಚೀಸು ಇವನ್ನು ಕರಗಿಸಿ ತಿಂದ ಪುರಾತನ ಊಟವಿದೆಂದು ಭೋಜನಗೃಹದ ಪಟ್ಟಿಯಲ್ಲಿ ಅಚ್ಚಾಗಿತ್ತು. ಚರಿತ್ರೆ ಅಷ್ಟು ಸರಳವಲ್ಲ. ಚೀಸನ್ನು ವೈನಿನಲ್ಲಿ ಬೇಯಿಸುವ ವಿಧಾನ 1699ರ ಒಂದು ಜ್ಯೂರಿಕ್ ಪಾಕಪುಸ್ತಕದಲ್ಲಿಯೇ ಇದೆ. ಜ್ಯೂರಿಕ್ ಪಟ್ಟಣವೇ ಹೊರತು ದನಗಾಹಿಯ ಗುಡಿಸಲಲ್ಲ. 1825ರಲ್ಲಿ ಫ್ರಾನ್ಸಿನ ಬ್ರಿಯಾ ಸಾವರ್ಯಾಂ ಎಂಬ ಭೋಜನಪ್ರಿಯ ಇದೇ ಹೆಸರಿನಲ್ಲಿ ಬರೆದ ಪದಾರ್ಥದಲ್ಲಿ ಮೊಟ್ಟೆಯೇ ಮುಖ್ಯ. ಒಂದು ಸೀಮೆಯ ಊಟವಾಗಿದ್ದ ಇದು ಇಡೀ ದೇಶದ ಊಟವಾದದ್ದು 1930ರ ದಶಕದಲ್ಲಿ. ಮಾಡಿದ್ದು ಸ್ವಿಸ್ ಚೀಸ್ ಯೂನಿಯನ್ ಎಂಬ ವ್ಯಾಪಾರದ ಒಕ್ಕೂಟ. 1914ರಲ್ಲಿ ಹುಟ್ಟಿ 1999ರಲ್ಲಿ ವಿಸರ್ಜನೆಯಾದ ಈ ಒಕ್ಕೂಟ ಚೀಸಿನ ಬೆಲೆಯನ್ನೂ ಮಾರಾಟವನ್ನೂ ತನ್ನ ಹಿಡಿತದಲ್ಲಿ ಇಟ್ಟುಕೊಂಡಿತ್ತು. ಜನ ಹೆಚ್ಚು ಚೀಸು ತಿನ್ನಬೇಕು; ಒಬ್ಬೊಬ್ಬನಿಗೆ 200 ಗ್ರಾಂ ಹಿಡಿಸುವ ಊಟಕ್ಕಿಂತ ಉತ್ತಮವಾದ ಉಪಾಯ ಯಾವುದು? ಅದೇ ಕಾಲದಲ್ಲಿ ಒಂದು ಕಡೆ ಹಿಟ್ಲರನ ಜರ್ಮನಿ, ಇನ್ನೊಂದು ಕಡೆ ಮುಸೊಲಿನಿಯ ಇಟಲಿ ಇದ್ದುದರಿಂದ, ಜರ್ಮನ್, ಫ್ರೆಂಚ್, ಇಟಾಲಿಯನ್ ಎಂದು ಹಂಚಿಹೋದ ಆ ಪುಟ್ಟ ದೇಶಕ್ಕೆ 'ನಾವೆಲ್ಲ ಒಂದು' ಎನ್ನಲು ಏನಾದರೊಂದು ಬೇಕಾಗಿತ್ತು. ರೋಮಾಂಶ್ ಎಂಬ ಸಣ್ಣ ಭಾಷೆಯನ್ನು ನಾಲ್ಕನೆಯ ರಾಷ್ಟ್ರಭಾಷೆಯಾಗಿ ಜನಮತದಿಂದ ಒಪ್ಪಿಕೊಂಡದ್ದೂ ಆ ದಿನಗಳಲ್ಲೇ, 1938ರಲ್ಲಿ. ಒಕ್ಕೂಟದವರು ಆಯಾ ಸೀಮೆಗೊಂದು ಫಾಂಡ್ಯೂ ಕ್ರಮವನ್ನು ತಾವೇ ಕಟ್ಟಿಕೊಟ್ಟರು. ಮಹಾಯುದ್ಧದ ಪಡಿತರ ಮುಗಿದ ಮೇಲೆ ಸೈನ್ಯದ ತುಕಡಿಗಳಿಗೆ ಪಾತ್ರೆ, ಒಲೆ, ಮುಳ್ಳುಚಮಚಗಳ ಜೋಡಣೆಯನ್ನೇ ಕಳುಹಿಸಿದರು. 1964ರ ನ್ಯೂಯಾರ್ಕ್ ವಿಶ್ವ ಮೇಳದ ಸ್ವಿಸ್ ಮಂಟಪದಿಂದ ಅಮೆರಿಕದವರೂ ಇದನ್ನು ಕಲಿತರು. ಚಾಕೊಲೇಟ್ ಫಾಂಡ್ಯೂ ಎಂಬುದು ಅದೇ ದಶಕದಲ್ಲಿ ನ್ಯೂಯಾರ್ಕಿನ ಭೋಜನಗೃಹವೊಂದರಲ್ಲಿ ಹುಟ್ಟಿದ್ದು. ಆಲ್ಪ್ಸ್ ಬೆಟ್ಟಕ್ಕೂ ಅದಕ್ಕೂ ಏನೂ ನಂಟಿಲ್ಲ.

ಇದನ್ನು ಓದಿದವರು, "ಹಾಗಾದರೆ ಎಲ್ಲವೂ ಜಾಹೀರಾತಿನ ಮೋಸ" ಎನ್ನಬಹುದು. ನಾನು ಹಾಗೆನ್ನಲಾರೆ. ಪುರಾತನವೆಂದ ಮಾತ್ರಕ್ಕೆ ಒಳ್ಳೆಯದೂ ಅಲ್ಲ, ನಿನ್ನೆ ಹುಟ್ಟಿತೆಂದ ಮಾತ್ರಕ್ಕೆ ಸುಳ್ಳೂ ಅಲ್ಲ. ಪ್ರತ್ಯೇಕ ಪಂಕ್ತಿಯ ಪದ್ಧತಿಗೆ ನಮ್ಮಲ್ಲಿ ನೂರಾರು ವರ್ಷಗಳ ಹಿರಿತನವಿದೆ. ಅದಕ್ಕಿಂತ ಒಬ್ಬ ವ್ಯಾಪಾರಿ ನಿನ್ನೆ ಕಟ್ಟಿದ ಸಹಭೋಜನ ಮೇಲಲ್ಲವೆ? ನನ್ನ ತಕರಾರು ಇರುವುದು ಇನ್ನೊಂದು ಕಡೆ. ಒಂದೇ ಪಾತ್ರೆಯ ಸುತ್ತ ಕೂರಿಸಿದ ಮಾತ್ರಕ್ಕೆ ಸಮಾನತೆ ಬಂದುಬಿಟ್ಟಿತೆಂದು ಹೇಳುವವರನ್ನು ನಾನು ನಂಬಲಾರೆ. ಇಡೀ ದೇಶವೇ ಒಂದು ಪಾತ್ರೆಯಿಂದ ಉಣ್ಣುವುದೆಂದು ಸಾರಿದ ಆ ಸ್ವಿಟ್ಸರ್ಲೆಂಡಿನಲ್ಲಿ, ಚೀಸನ್ನು ತುರಿದು, ಪಾತ್ರೆಯನ್ನು ತಿರುವಿ, ಕಡೆಗೆ ತೊಳೆದ ಹೆಂಗಸರಿಗೆ ರಾಷ್ಟ್ರದ ಚುನಾವಣೆಯಲ್ಲಿ ಮತವಿರಲಿಲ್ಲ. 1959ರಲ್ಲಿ ಗಂಡಸರ ಜನಮತ ಕೇಳಿದಾಗ ಮೂರರಲ್ಲಿ ಎರಡು ಪಾಲು ಬೇಡವೆಂದರು. 1971ರ ಫೆಬ್ರವರಿ 7ರಂದು ಆಗಬಹುದೆಂದರು. ಆಪೆನ್‌ಜೆಲ್ ಇನ್ನರ್‌ರೋಡನ್ ಎಂಬ ಪ್ರಾಂತದಲ್ಲಿ, ಆ ಸೀಮೆಯ ಚೀಸೂ ಫಾಂಡ್ಯೂಗೆ ಬಳಕೆಯಾಗುವಂಥದೇ, ಸ್ಥಳೀಯ ಮತದಾನಕ್ಕೆ ಹೆಂಗಸರು 1990ರವರೆಗೆ ಕಾದು ಕಡೆಗೆ ನ್ಯಾಯಾಲಯದಿಂದ ಹಕ್ಕನ್ನು ಪಡೆಯಬೇಕಾಯಿತು.

ನಮ್ಮ ದೇಶದ ಕಥೆ ಇದಕ್ಕೆ ತಿರುಗುಮುರುಗು. ಇಲ್ಲಿ 1950ರ ಸಂವಿಧಾನದಿಂದಲೇ ಗಂಡಸು, ಹೆಂಗಸು, ಎಲ್ಲ ಜಾತಿಯ ವಯಸ್ಕರಿಗೂ ಮತ ಬಂತು. 15ನೆಯ ವಿಧಿ ಹೋಟೆಲು, ಉಪಾಹಾರಗೃಹಗಳ ಬಾಗಿಲನ್ನು ಎಲ್ಲರಿಗೂ ತೆರೆಯಿತು. 17ನೆಯ ವಿಧಿ ಅಸ್ಪೃಶ್ಯತೆಯನ್ನು ರದ್ದುಮಾಡಿತು. 1955ರ ಅಸ್ಪೃಶ್ಯತಾ ಅಪರಾಧಗಳ ಕಾಯಿದೆಯಂತೂ ಹೋಟೆಲಿನಲ್ಲಿ ಸಾರ್ವಜನಿಕರಿಗೆಂದು ಇಟ್ಟ ಪಾತ್ರೆಗಳನ್ನು ಮುಟ್ಟಗೊಡದಿರುವುದನ್ನೇ ಹೆಸರಿಸಿ ಶಿಕ್ಷೆ ವಿಧಿಸಿತು. ಪಾತ್ರೆ ಎಂಬ ಮಾತನ್ನು ಕಾಯಿದೆಯಲ್ಲಿ ಬರೆಯಬೇಕಾಗಿ ಬಂದ ದೇಶ ನಮ್ಮದು. ಆ ಕಾಯಿದೆ ಬಂದು ಎಷ್ಟೋ ವರ್ಷಗಳಾದ ಮೇಲೂ ನಮ್ಮ ಅಜ್ಜಿ ಸಂತೆಯ ದಿನ ಊರ ಹೋಟೆಲಿನ ಹಿಂದುಗಡೆ ನಿಂತು, ಮೇಲಿನಿಂದ ಹೊಯ್ದ ಚಹಾವನ್ನು ತೆಂಗಿನ ಚಿಪ್ಪಿನಲ್ಲಿ ಹಿಡಿದು ಕುಡಿಯುತ್ತಿದ್ದಳು. ಆ ಚಿಪ್ಪನ್ನು ತೊಳೆದು ಸೂರಿಗೆ ಸಿಕ್ಕಿಸಿ ಬರುವುದೂ ಅವಳದೇ ಕೆಲಸ. ಓಟಿನ ಕೋಣೆಯಲ್ಲಿ ಹೋಟೆಲಿನ ಯಜಮಾನನೂ ಅವಳೂ ಒಂದೇ ಸಾಲು; ಚಹಾಕ್ಕೆ ಮಾತ್ರ ಬೇರೆ ಬೇರೆ. ನಾನು ಫಾಂಡ್ಯೂ ತಿಂದ ಸಂಗತಿಯನ್ನು ವಿವರವಾಗಿ ಹೇಳಿದಾಗ ಅಜ್ಜಿ ಚೀಸಿನ ರುಚಿಯನ್ನು ಕೇಳಲಿಲ್ಲ. "ಆ ನೇಪಾಳದೋರು ನಿನ್ನ ಜಾತಿ ಕೇಳಲಿಲ್ಲವೇನೋ?" ಎಂದಳು. "ಇಲ್ಲಜ್ಜಿ" ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಮತ್ತೆ ಮಾತೇನು ಆಡಿದ್ರಿ?" ಎಂದು ಕೇಳಿದಳು.

ಹೀಗೆ ಅವರಿಗೆ ಪಾತ್ರೆ ಮೊದಲು ಬಂತು, ಹಕ್ಕು ಆಮೇಲೆ. ನಮಗೆ ಹಕ್ಕು ಮೊದಲು ಬಂತು, ಪಾತ್ರೆ ಇನ್ನೂ ಪೂರ್ತಿ ಬಂದಿಲ್ಲ. ಒಂದೇ ತಟ್ಟೆಯ ಊಟ ನಮ್ಮ ದೇಶಕ್ಕೆ ಹೊರಗಿನದೆಂದು ಯಾರೂ ಹೇಳುವಂತಿಲ್ಲ. ದಾವೂದಿ ಬೊಹ್ರಾ ಮನೆಗಳಲ್ಲಿ ಇಂದಿಗೂ ದೊಡ್ಡ ಥಾಲಿನ ಸುತ್ತ ಕುಳಿತು, ಮೊದಲು ಚಿಟಿಕೆ ಉಪ್ಪು ರುಚಿ ನೋಡಿ, ಎಲ್ಲರೂ ಅದರಿಂದಲೇ ಉಣ್ಣುತ್ತಾರೆ. ನಾವು ಮೂವರು ಮಕ್ಕಳೂ ಬೆಳೆದದ್ದು ಒಂದೇ ಗಂಗಾಳದಲ್ಲಿ ಮುದ್ದೆ ಮುರಿದುಕೊಂಡು. ನಮ್ಮಲ್ಲಿ ಒಂದೇ ಪಾತ್ರೆಗೆ ಬರವಿಲ್ಲ. ಅದು ಮನೆಯ ಹೊಸಿಲು ದಾಟಿ, ಜಾತಿಯ ಗೆರೆ ದಾಟಿ ಬರಬೇಕಾಗಿದೆ.

ಇದನ್ನು ಬರೆದು ಸುಮ್ಮನಿರಲು ನನಗೆ ಮನಸ್ಸಿಲ್ಲ. ಒಂದು ಸೂಚನೆಯನ್ನು ಮುಂದಿಡುತ್ತೇನೆ. ವಾರ್ಷಿಕೋತ್ಸವದ ದಿನ ನಮ್ಮಲ್ಲಿ ಅತಿಥಿಗಳಿಗೆ ಮೇಲಿನ ಕೋಣೆಯಲ್ಲಿಯೂ, ಅಧ್ಯಾಪಕರಿಗೆ ಅದರ ಪಕ್ಕದಲ್ಲಿಯೂ, ವಿದ್ಯಾರ್ಥಿಗಳಿಗೆ ಅಂಗಳದಲ್ಲಿಯೂ ಊಟ ನಡೆಯುತ್ತದೆ. ಅಂಗಳ ಗುಡಿಸುವ, ಶೌಚಾಲಯ ತೊಳೆಯುವ ಇಬ್ಬರು ತಾಯಂದಿರು ಮೂರು ಗಂಟೆಯ ಮೇಲೆ ಬಂದು ಪಾತ್ರೆಯ ತಳದಲ್ಲಿ ಉಳಿದದ್ದನ್ನು ಡಬ್ಬಿಗೆ ಹಾಕಿಕೊಂಡು ಹೋಗುತ್ತಾರೆ. ಯಾರೂ ಅವರನ್ನು ಬೇಡವೆಂದಿಲ್ಲ, ಯಾರೂ ಕರೆದೂ ಇಲ್ಲ. ಈ ಸಲ ಫಾಂಡ್ಯೂವೇನೂ ಬೇಡ. ಅನ್ನ, ಸಾರು, ಒಂದು ಪಾಯಸವೇ ಸಾಕು. ಆದರೆ ಎಲ್ಲರಿಗೂ ಅಂಗಳದಲ್ಲಿಯೇ ಎಲೆ ಹಾಕಬೇಕು. ಮೊದಲ ಪಂಕ್ತಿಯಲ್ಲಿ ಪ್ರಿನ್ಸಿಪಾಲರು, ಅತಿಥಿಗಳು, ಆ ಇಬ್ಬರು ತಾಯಂದಿರು, ಜವಾನರು, ನಾಲ್ಕಾರು ವಿದ್ಯಾರ್ಥಿಗಳು ಬಂದ ಕ್ರಮದಲ್ಲಿ ಕೂರಬೇಕು. ಬಡಿಸುವ ಕೆಲಸ ಅಂತಿಮ ಬಿ.ಎ. ತರಗತಿಯವರದು. ಈ ಅರ್ಥದ ಅರ್ಜಿಯೊಂದನ್ನು ಬರೆದು ವಿದ್ಯಾರ್ಥಿ ಸಂಘದ ಕಾರ್ಯದರ್ಶಿಗಳ ಕೈಯಲ್ಲಿ ಕೊಟ್ಟಿದ್ದೇನೆ. ಸಹಿ ಹಾಕತಕ್ಕವರಿಗೆ ಅದು ವಾಚನಾಲಯದ ಮೇಜಿನ ಮೇಲೆ ಸಿಗುತ್ತದೆ. ಪಕ್ಕದಲ್ಲಿ ಲೇಖನಿಯನ್ನೂ ಇಟ್ಟಿದ್ದೇನೆ.