ಗಿಣಿಯ ಚೀಟಿ, ಬಾಂಡ್‌ನ ಕಟ್ಟು

ರೋಜರ್ ಮೂರ್ ಮೊದಲ ಸಲ ಜೇಮ್ಸ್ ಬಾಂಡ್ ಆದ 'ಲಿವ್ ಅಂಡ್ ಲೆಟ್ ಡೈ' (1973) ನೋಡಿದ್ದೀರಾ? ಅದರಲ್ಲಿ ಜೇನ್ ಸೀಮೋರ್‌ಗೆ ಟ್ಯಾರೋ ಕಾರ್ಡಿನಲ್ಲಿ ಭವಿಷ್ಯ ನೋಡುವ ಸಾಲಿಟೇರ್ ಪಾತ್ರ. ಖಳನಾಯಕನಿಗೆ ಅವಳ ಮಾತೇ ವೇದವಾಕ್ಯ. ಬಾಂಡ್ ಬಂದವನೇ ಅವಳ ಮುಂದೆ ಕಟ್ಟು ಹಿಡಿದು ಒಂದು ಎತ್ತು ಅಂತಾನೆ. ಬಂದದ್ದು 'ಪ್ರೇಮಿಗಳು'! ಇದು ವಿಧಿ ಅಂತ ಹುಡುಗಿ ಸೋತಳು. ಆಮೇಲೆ ಕಟ್ಟು ಚೆಲ್ಲಿದಾಗ ನೋಡಿದರೆ... ಅಷ್ಟೂ 'ಪ್ರೇಮಿಗಳೇ'!

ನಗು ಬಂತಾ? ನಗಿ. ಆದರೆ ಟ್ಯಾರೋ ಕಲೀಬೇಕು ಅನ್ನೋರಿಗೆ ಮೊದಲ ಪಾಠ ಇದೇ ಸ್ವಾಮಿ. ಕಾರ್ಡು ನೋಡೋಕ್ಕಿಂತ ಮೊದಲು, ಕಟ್ಟು ಹಿಡಿದ ಕೈ ನೋಡಿ.

ನಮಗೇನು ಇದು ಹೊಸದೇ? ಜಾತ್ರೆಯಲ್ಲಿ, ಬಸ್ ಸ್ಟ್ಯಾಂಡಿನಲ್ಲಿ ಗಿಣಿಶಾಸ್ತ್ರದವರನ್ನು ಕಂಡ ನಾಡು ನಮ್ಮದು. ಗಿಣಿ ಚೀಟಿ ಎಳೆಯೋದು ಕಾಳಿನ ಆಸೆಗೆ. ಅರ್ಥ ಹೇಳೋನು ಮಾತ್ರ ಮನುಷ್ಯ. ಅವನ ಕಣ್ಣು ಚೀಟಿಗಿಂತ ಮೊದಲು ನಿಮ್ಮ ಚಪ್ಪಲಿ, ಕಾಲರು, ಮುಖದ ಬಾಡಿಕೆ ಎಲ್ಲಾ ಓದಿ ಮುಗಿಸಿರುತ್ತೆ! ಈಗ ಗಿಣಿಯನ್ನು ಪಂಜರದಲ್ಲಿಡೋದು ವನ್ಯಜೀವಿ ಕಾಯ್ದೆಯಡಿ ಅಪರಾಧ. ಆ ಜಾಗಕ್ಕೆ ಮೊಬೈಲಿನಲ್ಲಿ ಟ್ಯಾರೋ ಬಂದು ಕೂತಿದೆ.

ಕಟ್ಟಿನಲ್ಲಿ 78 ಕಾರ್ಡು. ದೊಡ್ಡವು 22. ಉಳಿದ 56 ನಮ್ಮ ಇಸ್ಪೀಟಿನ ಅಣ್ಣತಮ್ಮಂದಿರೇ: ದಂಡ, ಬಟ್ಟಲು, ಕತ್ತಿ, ನಾಣ್ಯ ಅಂತ ನಾಲ್ಕು ಜಾತಿ, ತಲಾ 14. 15ನೇ ಶತಮಾನದಲ್ಲಿ ಇಟಲಿಯಲ್ಲಿ ಹುಟ್ಟಿದಾಗ ಇದು ಬರೀ ಆಟ. 1781ರಲ್ಲಿ ಫ್ರಾನ್ಸಿನ ಕೂರ್ ದ ಜೆಬಲ್ಯಾಂ ಇದು ಈಜಿಪ್ಟಿನ ಗುಪ್ತವಿದ್ಯೆ ಅಂತ ಬರೆದ. ಈಜಿಪ್ಟಿನ ಚಿತ್ರಲಿಪಿ ಓದೋಕೆ ಜಗತ್ತಿಗೆ ಬಂದದ್ದೇ 1822ರಲ್ಲಿ. ಲೆಕ್ಕ ನೀವೇ ಹಾಕಿ!

ಇಂದು ಎಲ್ಲೆಲ್ಲೂ ಕಾಣೋ ಕಾರ್ಡು 1909ರಲ್ಲಿ ಲಂಡನ್ನಿನಲ್ಲಿ ಅಚ್ಚಾದದ್ದು. ಬರೆದ ಕೈ ಪಮೇಲಾ ಕೋಲ್ಮನ್ ಸ್ಮಿತ್ ಅನ್ನೋ ಹೆಣ್ಣುಮಗಳದ್ದು. ನಾಟಕ ಕಂಪನಿಯ ಜತೆ ಊರೂರು ಸುತ್ತಿದವಳು. ಅದಕ್ಕೇ ಪ್ರತಿ ಕಾರ್ಡೂ ಒಂದು ರಂಗ, ಒಂದು ಸೀನು. ಬಹಳ ವರ್ಷ ಕಟ್ಟಿಗೆ ಅಂಟಿದ್ದು ಪ್ರಕಾಶಕ ರೈಡರ್ ಮತ್ತು ವಿವರಣೆ ಬರೆದ ವೇಯ್ಟ್‌ರ ಹೆಸರು. ಅವಳ ಪಾಲಿಗೆ ಸಿಕ್ಕಿದ್ದು ಅಲ್ಪ ಕಾಸು, ಕಾರ್ಡಿನ ಮೂಲೆಯಲ್ಲಿ ಪುಟ್ಟ ಸಹಿ. 1951ರಲ್ಲಿ ಸಾಲದಲ್ಲೇ ತೀರಿಕೊಂಡಳು. ಎಷ್ಟು ಜನ ಪೋಸ್ಟರ್ ಕಲಾವಿದರ ಕಥೆ ಹೀಗೇ ಅಲ್ಲವೇ?

ಹಾಗಾದರೆ ಓದೋದು ಹೇಗೆ? ಸಿನಿಮಾದ ಒಂದು ಫ್ರೇಮ್ ನೋಡೋ ಹಾಗೆ. ಯಾರು ಎಲ್ಲಿ ನಿಂತಿದ್ದಾರೆ, ದೃಷ್ಟಿ ಎತ್ತ, ಕೈಯಲ್ಲೇನು, ಹಿಂದೆ ಏನಿದೆ? 13ನೆಯದು 'ಸಾವು' ಅಂತ ಹೆದರಬೇಡಿ. ಕುದುರೆಯೇರಿದ ಅಸ್ಥಿಪಂಜರದ ಹಿಂದೆ ದೂರದಲ್ಲಿ ಸೂರ್ಯನೂ ಇದ್ದಾನೆ. ಒಂದು ಮುಗೀತು, ಇನ್ನೊಂದು ಶುರು ಅಂತ ಓದೋದು ವಾಡಿಕೆ.

ಈಗ ಒಂದು ಪರೀಕ್ಷೆ. ದೊಡ್ಡಬಳ್ಳಾಪುರದಲ್ಲಿ ಮಗ್ಗ ನಡೆಸೋ ಹುಡುಗ, ತಲೆ ತುಂಬ ಗಾಂಧಿನಗರ. ಮಗ್ಗ ಮಾರಿ ಹೋಗಲಾ ಅಂತ ಕೇಳ್ತಾನೆ. ಬಂದದ್ದು 'ಪೆದ್ದ': ಹೆಗಲಿಗೆ ಗಂಟು, ಕೈಯಲ್ಲಿ ಬಿಳಿ ಗುಲಾಬಿ, ಮುಖ ಆಕಾಶಕ್ಕೆ, ಕಾಲಡಿ ಪ್ರಪಾತ! ಹಣಕ್ಕೆ ಕೂತವನು ಹಾರಿಬಿಡು ತಮ್ಮ ಅಂತಾನೆ. ಕಲಿತವನು ಕಾಲ ಬಳಿಯ ನಾಯಿ ತೋರಿಸ್ತಾನೆ. ಅದು ಕುಣೀತಿದೆಯೋ, ಎಚ್ಚರಿಸ್ತಿದೆಯೋ? ನಿನ್ನ ಮನೇಲಿ ಹಾಗೆ ಬೊಗಳೋರು ಯಾರು, ಮಗ್ಗದ ಸಾಲ ಯಾರ ಹೆಸರಲ್ಲಿದೆ ಅಂತ ಕೇಳ್ತಾನೆ. ಉತ್ತರ ಬರೋದು ಹುಡುಗನ ಬಾಯಿಂದ. ಕಾರ್ಡಿಗೆ ನಾಳೆ ಗೊತ್ತಿಲ್ಲ. ಅದು ಇವತ್ತಿನ ಮಾತು ಹೊರಡಿಸೋಕೆ ಒಂದು ನೆಪ, ಅಷ್ಟೆ.

ಕಲೀರಿ, ಬೇಡ ಅನ್ನೋಲ್ಲ. ದಿನಕ್ಕೊಂದು ಕಾರ್ಡು ಎತ್ತಿ, ಕಂಡದ್ದನ್ನು ಐದು ಸಾಲು ಬರೀರಿ. 78 ದಿನಕ್ಕೆ ಕಟ್ಟು ಮುಗಿಯುತ್ತೆ, ಕಥೆ ಕಟ್ಟೋ ಕೈ ಪಳಗುತ್ತೆ. ಯಾರಿಗೆ ಗೊತ್ತು, ನಾಳೆ ಚಿತ್ರಕಥೆಗೂ ಆದೀತು! ಆದರೆ ದೋಷ ಇದೆ, ಪರಿಹಾರಕ್ಕೆ ಇಷ್ಟು ಕಳಿಸು ಅಂತ ಯಾರಾದರೂ ಅಂದರೆ ಬಾಂಡ್‌ನ ಕಟ್ಟು ನೆನೆಸಿಕೊಳ್ಳಿ. ಉಳಿದ ಕಾರ್ಡೂ ತಿರುಗಿಸಿ ತೋರಿಸು ಗುರು ಅನ್ನಿ.